ಸಾವೊ ಪಾಲೊದ ಆ ನಾಲ್ವರ ಸದ್ದು ನಮ್ಮ ಜಾಮ್ ರೂಮಿನಲ್ಲಿ ಯಾಕೆ ಬರುತ್ತಿಲ್ಲ?

ಪ್ರಶ್ನೆ: ನಮಸ್ಕಾರ ಸರ್. ನಾವು ನಾಲ್ಕು ಜನ ಹುಡುಗಿಯರು ಬೆಂಗಳೂರಿನಲ್ಲಿ ಒಂದು ಬ್ಯಾಂಡ್ ಕಟ್ಟಿಕೊಂಡಿದ್ದೇವೆ. ನಾನು ಹಾಡುತ್ತೇನೆ. ಉಳಿದ ಮೂವರದ್ದು ಗಿಟಾರ್, ಬೇಸ್ (ಕೆಳದನಿಯ ಗಿಟಾರ್), ಡ್ರಮ್ಸ್. ಬ್ರೆಜಿಲ್‌ನ ಆಸ್ ಮೆರ್ಸೆನಾರಿಯಾಸ್ ಅನ್ನೋ ಹೆಣ್ಣುಮಕ್ಕಳ ಪೋಸ್ಟ್-ಪಂಕ್ (ಒರಟಾದ ಪಂಕ್ ರಾಕ್‌ನ ಬೆನ್ನಿಗೆ ಬಂದ ಶೈಲಿ) ಬ್ಯಾಂಡಿನ 1986ರ ಆಲ್ಬಂ ಕೇಳಿದಾಗಿನಿಂದ ನಮಗೆಲ್ಲ ಅದೇ ಗುಂಗು. ಭಾಷೆ ಒಂದಕ್ಷರ ಗೊತ್ತಿಲ್ಲ, ಆದರೂ ಮೈ ಜುಮ್ಮೆನ್ನುತ್ತದೆ. ಆ ಕಚ್ಚಾ ಜೋಶ್ ನಮ್ಮ ಹಾಡಿಗೂ ಬೇಕು ಅಂತ ಸದ್ದು ಒರಟು ಮಾಡುವ ಎರಡು ಡಿಸ್ಟಾರ್ಷನ್ ಪೆಡಲ್ ಕೊಂಡೆವು, ಆಂಪ್ (ಗಿಟಾರಿನ ಸ್ಪೀಕರ್ ಪೆಟ್ಟಿಗೆ) ಜೋರು ಮಾಡಿದೆವು, ನಾನು ಗಂಟಲು ಹರಿಯುವಷ್ಟು ಕೂಗಿದೆ. ರೆಕಾರ್ಡ್ ಮಾಡಿ ಕೇಳಿದರೆ ಸಪ್ಪೆ. ಮೇಲಾಗಿ ಒಂದು ತಿಂಗಳಿಂದ ನನ್ನ ದನಿ ಒಡೆದಿದೆ. ಪರಿಚಯದ ಗಿಟಾರ್ ಮೇಷ್ಟ್ರೊಬ್ಬರು "ಅವರಿಗೆ ನುಡಿಸೋಕೇ ಬರ್ತಿರಲಿಲ್ಲ, ಇಂಗ್ಲೆಂಡಿನವರನ್ನ ಕಾಪಿ ಹೊಡೆದಿದ್ದಾರೆ, ನೀವು ಮೊದಲು ಸ್ಕೇಲ್ ಕಲೀರಿ" ಅಂತಾರೆ. ನಿಜವಾ? ಆ ಸದ್ದು ಬರೋದಾದರೂ ಎಲ್ಲಿಂದ? ದೊಡ್ಡ ಸ್ಟುಡಿಯೋಗೆ ದುಡ್ಡು ಹಾಕಬೇಕಾ? ಇಂಗ್ಲಿಷಿನಲ್ಲಿ ಹಾಡಿದರೆ ವಾಸಿಯಾ?

ಉತ್ತರ: ನೀವು ಕಳಿಸಿದ ಎರಡೂ ರೆಕಾರ್ಡಿಂಗ್ ಕೇಳಿದೆ. ಹಾಡುಗಳು ಚೆನ್ನಾಗಿವೆ. ಸಪ್ಪೆ ಅನ್ನಿಸುವುದಕ್ಕೆ ಕಾರಣ ಇದೆ, ಅದಕ್ಕೆ ಹೊಸ ಸಾಮಾನು ಏನೂ ಬೇಕಿಲ್ಲ. ಆದರೆ ನಿಮ್ಮ ಪತ್ರದಲ್ಲಿ ಒಂದು ವಿಷಯ ಕಾಯುವಂಥದ್ದಲ್ಲ. ಅದನ್ನು ಮೊದಲು ಮುಗಿಸುತ್ತೇನೆ.

ದನಿ ಒಡೆದು ಒಂದು ತಿಂಗಳಾಯಿತು ಅಂದಿರಿ. ನಾನು ಸೌಂಡ್ ಎಂಜಿನಿಯರ್, ಡಾಕ್ಟರ್ ಅಲ್ಲ. ಆದರೂ ಹಾಡುವವರ ಜೊತೆ ಕೆಲಸ ಮಾಡುವ ನಮ್ಮಂಥವರು ಒಂದು ಮಾತು ಹೇಳಿಯೇ ಹೇಳುತ್ತೇವೆ. ನೆಗಡಿ, ಕೆಮ್ಮು ಇಲ್ಲದೆ ದನಿ ಮೂರು ವಾರ ದಾಟಿಯೂ ಸರಿಹೋಗದಿದ್ದರೆ ಇಎನ್‌ಟಿ ಡಾಕ್ಟರಿಗೆ ತೋರಿಸಬೇಕು. ಅವರು ಸಣ್ಣ ಕ್ಯಾಮೆರಾ ಇಳಿಸಿ ದನಿಯ ಪಟ್ಟಿಗಳನ್ನು ನೋಡುತ್ತಾರೆ. ಸುಮ್ಮನೆ ಊತ ಇರಬಹುದು, ಸಣ್ಣ ಗಂಟು ಆಗಿರಬಹುದು. ಹೊರಗಿನಿಂದ ಯಾರಿಗೂ ಗೊತ್ತಾಗುವುದಿಲ್ಲ. ಗಂಟು ಅಂದ ತಕ್ಷಣ ಆಪರೇಷನ್ ಅಂತ ಹೆದರಬೇಡಿ. ಹೆಚ್ಚಿನವರಿಗೆ ವಿಶ್ರಾಂತಿ ಮತ್ತು ವಾಯ್ಸ್ ಥೆರಪಿಯಲ್ಲೇ ಕಡಿಮೆಯಾಗುತ್ತದೆ. ಅಲ್ಲಿಯವರೆಗೆ ಕೂಗಬೇಡಿ. ಪಿಸುಗುಟ್ಟಲೂ ಬೇಡಿ, ಗಂಟಲಿಗೆ ಅದೂ ಶ್ರಮವೇ. ಮೆತ್ತಗೆ ಮಾಮೂಲಿ ದನಿಯಲ್ಲಿ ಮಾತಾಡಿ. ಶೋ ಹತ್ತಿರ ಬಂದಾಗ ಯಾರೋ ಹೇಳಿದರು ಅಂತ ಸ್ಟಿರಾಯ್ಡ್ ಮಾತ್ರೆ ನುಂಗುವ ಅಭ್ಯಾಸ ಕೆಲವರಿಗಿದೆ. ಡಾಕ್ಟರನ್ನು ಕೇಳದೆ ಅದನ್ನು ಮಾಡಲೇಬೇಡಿ. ಊತ ಇಳಿದು ದನಿ ಬಂದಂತೆ ಕಾಣುತ್ತದೆ, ಅದನ್ನು ನಂಬಿ ಕೂಗಿದಾಗಲೇ ನಿಜವಾದ ಪೆಟ್ಟು ಬೀಳುವುದು.

ಇನ್ನು ದನಿ ಯಾಕೆ ಹಾಳಾಯಿತು ಅನ್ನುವುದು. ಇದು ನನ್ನ ಕಸುಬಿಗೆ ಸೇರಿದ್ದು. ಸುತ್ತ ಗದ್ದಲ ಹೆಚ್ಚಿದರೆ ಮನುಷ್ಯ ತನಗೆ ಗೊತ್ತಿಲ್ಲದೆಯೇ ದನಿ ಏರಿಸುತ್ತಾನೆ. ಇದಕ್ಕೆ ಲೊಂಬಾರ್ಡ್ ಪರಿಣಾಮ ಅನ್ನುತ್ತಾರೆ. ನಿಮ್ಮ ಜಾಮ್ ರೂಮಿನಲ್ಲಿ ಗಿಟಾರ್ ಆಂಪ್ ಇರುವುದು ನಿಮ್ಮ ಬೆನ್ನ ಹಿಂದೆ, ದನಿ ಬರುವ ಸ್ಪೀಕರ್ ಇರುವುದು ಗೋಡೆಯ ಆ ಮೂಲೆಯಲ್ಲಿ. ವಿಡಿಯೋದಲ್ಲಿ ನೋಡಿದೆ. ನಿಮ್ಮ ದನಿ ನಿಮಗೇ ಕೇಳಿಸುತ್ತಿಲ್ಲ. ಕೇಳಿಸದಿದ್ದರೆ ಎಷ್ಟು ಶಾಸ್ತ್ರೀಯ ಸಂಗೀತ ಕಲಿತವರೂ ಗಂಟಲು ಹಿಂಡುತ್ತಾರೆ. ಸ್ಪೀಕರನ್ನು ನಿಮ್ಮ ಮುಖಕ್ಕೆ ತಿರುಗಿಸಿ, ಗಿಟಾರ್ ಆಂಪನ್ನು ಕುರ್ಚಿಯ ಮೇಲಿಟ್ಟು ಗಿಟಾರಿಸ್ಟ್‌ನ ಕಿವಿಗೇ ಗುರಿ ಮಾಡಿ. ಅವರೇ ವಾಲ್ಯೂಮ್ ಇಳಿಸುತ್ತಾರೆ, ನೋಡಿ! ಜೊತೆಗೆ ನಾಲ್ವರೂ ಇಯರ್‌ಪ್ಲಗ್ ಹಾಕಿಕೊಳ್ಳಿ. 100 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 15 ನಿಮಿಷಕ್ಕಿಂತ ಜಾಸ್ತಿ ಇರಬಾರದು ಅನ್ನುವುದು ಕಿವಿಯ ಸುರಕ್ಷತೆಯ ಒಂದು ಲೆಕ್ಕ. ಸಣ್ಣ ರೂಮಿನಲ್ಲಿ ಡ್ರಮ್ಸ್ ಒಂದೇ ಅಷ್ಟು ಸದ್ದು ಮಾಡಬಲ್ಲದು.

ಈಗ ಮೇಷ್ಟ್ರ ಮಾತಿಗೆ ಬರೋಣ.

"ನುಡಿಸೋಕೆ ಬರ್ತಿರಲಿಲ್ಲ" ಅನ್ನುವುದು ಅರ್ಧ ಸತ್ಯವೂ ಅಲ್ಲ. ಆಸ್ ಮೆರ್ಸೆನಾರಿಯಾಸ್ ಶುರುವಾಗಿದ್ದು 1980ರ ದಶಕದ ಮೊದಲ ವರ್ಷಗಳಲ್ಲಿ, ಸಾವೊ ಪಾಲೊದಲ್ಲಿ. ಹಾಡಿದ್ದು ರೊಜಾಲಿಯಾ ಮುನ್ಯೋಸ್, ಬೇಸ್ ಸಾಂಡ್ರಾ ಕೌಟಿನ್ಯೊ, ಗಿಟಾರ್ ಆನಾ ಮಚಾಡೊ. ಡ್ರಮ್ಸ್‌ಗೆ ಮೊದಲು ಕೂತಿದ್ದು ಒಬ್ಬ ಗಂಡಸು, ಎಡ್ಗಾರ್ ಸ್ಕಾಂದುರಾ. ಈತ ಮುಂದೆ 'ಇರಾ!' ಬ್ಯಾಂಡಿನ ಗಿಟಾರಿಸ್ಟ್ ಆಗಿ ಬ್ರೆಜಿಲ್ ತುಂಬ ಹೆಸರಾದ. ಆಮೇಲೆ ಲೂ ಎಂಬಾಕೆ ಆ ಜಾಗಕ್ಕೆ ಬಂದರು, ನಾಲ್ವರೂ ಹೆಣ್ಣುಮಕ್ಕಳಾದರು. ನೀವು ಕೇಳಿದ ಆಲ್ಬಂನಲ್ಲಿ ಇರುವುದು ಈ ನಾಲ್ವರೇ. ಸಾಂಡ್ರಾ ಅದೇ ಹೊತ್ತಿನಲ್ಲಿ 'ಸ್ಮ್ಯಾಕ್' ಎಂಬ ಇನ್ನೊಂದು ಬ್ಯಾಂಡಿನಲ್ಲೂ ಬೇಸ್ ಹಿಡಿದಿದ್ದರು. ಊರಿನ ಒಳ್ಳೊಳ್ಳೆ ವಾದಕರು ಕರೆದು ಕೂರಿಸಿಕೊಳ್ಳುತ್ತಿದ್ದ ಬೇಸಿಸ್ಟ್‌ಗೆ ನುಡಿಸಲು ಬರುತ್ತಿರಲಿಲ್ಲ ಅಂದರೆ ಹೇಗೆ?

ಗಿಟಾರಿಸ್ಟ್‌ಗಳಿಗೆ ಒಂದು ಚಾಳಿ ಇದೆ. ಸೋಲೋ ಇದ್ದರೆ ಮಾತ್ರ ಕೈಚಳಕ ಅಂತ ಎಣಿಸುತ್ತಾರೆ. ಆ ಆಲ್ಬಂನಲ್ಲಿ ಹಾಡು ನಿಲ್ಲುವ ಜಾಗಗಳನ್ನು ಕೇಳಿ. ನಾಲ್ವರೂ ಒಂದೇ ಕ್ಷಣಕ್ಕೆ ಕತ್ತರಿಸಿದಂತೆ ನಿಲ್ಲುತ್ತಾರೆ, ಒಂದೇ ಕ್ಷಣಕ್ಕೆ ಮತ್ತೆ ಹೊರಡುತ್ತಾರೆ. ಆ ವೇಗದಲ್ಲಿ ಹಾಗೆ ನಿಲ್ಲಲು ತಿಂಗಳುಗಟ್ಟಲೆ ಒಟ್ಟಿಗೆ ನುಡಿಸಿರಬೇಕು. ನುಡಿಸಲು ಬಾರದವರ ಹಾಡು ಅಲ್ಲೇ ಗೊತ್ತಾಗುತ್ತದೆ. ಒಬ್ಬರ ಸಿಂಬಲ್ (ಡ್ರಮ್ಸ್‌ನ ಲೋಹದ ತಟ್ಟೆ) ಇನ್ನೂ ಕುಣಿಯುತ್ತಿರುತ್ತದೆ, ಇನ್ನೊಬ್ಬರ ಸ್ಟ್ರಿಂಗ್ ಗುಂಯ್ ಅನ್ನುತ್ತಿರುತ್ತದೆ. ಬೇಜಾರಾಗಬೇಡಿ, ನಿಮ್ಮ ರೆಕಾರ್ಡಿಂಗಿನಲ್ಲಿ ಇರುವುದು ಇದೇ.

ಇನ್ನೊಂದು ಮಾತು ಹೇಳಿಬಿಡುತ್ತೇನೆ. ಗಂಡಸರ ಬ್ಯಾಂಡು ಮೂರು ಕಾರ್ಡ್ (ಸ್ವರಗುಚ್ಛ) ಇಟ್ಟುಕೊಂಡು ಗಟ್ಟಿಯಾಗಿ ನುಡಿಸಿದರೆ ಬರೆಯುವವರು 'ಬಿಗಿ', 'ಮಿತವ್ಯಯ' ಅಂತೆಲ್ಲ ಹೊಗಳುತ್ತಾರೆ. ಅದನ್ನೇ ಹೆಂಗಸರು ಮಾಡಿದರೆ 'ಕಚ್ಚಾ', 'ಕಾಡು', 'ಆವೇಶ' ಅನ್ನುತ್ತಾರೆ. ಮೈಮೇಲೆ ಏನೋ ಬಂದು ತಾನಾಗಿಯೇ ಆಗಿಹೋಯಿತು ಅನ್ನುವ ಹಾಗೆ! ಆ ಸದ್ದಿನ ಹಿಂದೆ ನಿರ್ಧಾರಗಳಿವೆ. ಅದನ್ನು ಬರೀ ಸಿಟ್ಟು ಅಂದುಕೊಂಡಿದ್ದಕ್ಕೇ ನೀವು ಗಂಟಲು ಕಳೆದುಕೊಂಡಿದ್ದು.

ಕಾಪಿಯ ಮಾತು. ಇಂಗ್ಲೆಂಡಿನ ಪ್ರಭಾವ ಇದ್ದದ್ದು ಹೌದು. 'ದ ಸ್ಲಿಟ್ಸ್' ಬ್ಯಾಂಡಿನ ಮೊದಲ ಆಲ್ಬಂ ಬಂದದ್ದು 1979ರಲ್ಲಿ, 'ದ ರೇನ್‌ಕೋಟ್ಸ್' ಅವರದ್ದೂ ಅದೇ ವರ್ಷ. ಸಾವೊ ಪಾಲೊದ ಪೋಸ್ಟ್-ಪಂಕ್ ಹುಡುಗ ಹುಡುಗಿಯರು ಇಂಗ್ಲೆಂಡಿನ ಹಾಡು ಕೇಳದೆ ಇದ್ದವರಲ್ಲ. ಆದರೆ ಪಕ್ಕಪಕ್ಕ ಇಟ್ಟು ಕೇಳಿ ನೋಡಿ. ಸ್ಲಿಟ್ಸ್‌ನಲ್ಲಿ ಜಮೈಕಾದ ರೆಗೆ, ಡಬ್ ಸಂಗೀತ ತುಂಬಿದೆ. ತಾಳ ಬಳುಕುತ್ತದೆ. ರೇನ್‌ಕೋಟ್ಸ್‌ನಲ್ಲಿ ವಯೊಲಿನ್ ಬೇಕಂತಲೇ ಅತ್ತಿತ್ತ ವಾಲಾಡುತ್ತದೆ. ಮೆರ್ಸೆನಾರಿಯಾಸ್‌ನಲ್ಲಿ ಈ ಬಳುಕು, ವಾಲಾಟ ಯಾವುದೂ ಇಲ್ಲ. ನೆಟ್ಟಗೆ, ಗಡಸಾಗಿ, ಅವಸರದಲ್ಲಿ ಓಡುತ್ತದೆ. ನನ್ನ ಕಿವಿಗೆ ಅದು ಲಂಡನ್ನಿಗಿಂತ ತಮ್ಮದೇ ಊರಿನ ಪಂಕ್ ಹುಡುಗರಿಗೆ ಹತ್ತಿರ.

ಆ ಊರಿನ ಕಥೆ ಸ್ವಲ್ಪ ಹೇಳಲೇಬೇಕು. ನಿಮ್ಮ ಮುಖ್ಯ ಪ್ರಶ್ನೆಗೆ ಉತ್ತರ ಅಲ್ಲಿದೆ.

ಬ್ರೆಜಿಲ್‌ನಲ್ಲಿ 1964ರಲ್ಲಿ ಸೈನ್ಯ ಅಧಿಕಾರ ಹಿಡಿಯಿತು. ಅದು ಇಳಿದದ್ದು 1985ರಲ್ಲಿ. ಅಂದರೆ ಈ ಬ್ಯಾಂಡು ಹುಟ್ಟಿದ್ದು ಸೈನಿಕ ಆಡಳಿತದ ಬಾಲದಲ್ಲಿ. ಹಾಡು ರೆಕಾರ್ಡ್ ಆಗಿ ಹೊರಬರಬೇಕಾದರೆ ಸಾಹಿತ್ಯವನ್ನು ಸರ್ಕಾರದ ಸೆನ್ಸಾರ್ ಕಚೇರಿಗೆ ಕೊಟ್ಟು ಒಪ್ಪಿಗೆ ಪಡೆಯಬೇಕಿತ್ತು. ಸೆನ್ಸಾರ್ ಪದ್ಧತಿ ಕಾನೂನಿನಲ್ಲಿ ಕೊನೆಯಾದದ್ದು 1988ರ ಹೊಸ ಸಂವಿಧಾನದಲ್ಲಿ. ಬೀದಿಯಲ್ಲಿ ಗಸ್ತು ತಿರುಗುವ ಪೊಲೀಸರೂ ಅಲ್ಲಿ 'ಮಿಲಿಟರಿ ಪೊಲೀಸ್'. 1982ರ ನವೆಂಬರಿನಲ್ಲಿ ಸಾವೊ ಪಾಲೊದ ಸೆಸ್ಕಿ ಪೊಂಪೆಯಾ ಎಂಬ ಸಾಂಸ್ಕೃತಿಕ ಕೇಂದ್ರದಲ್ಲಿ, ಎರಡು ದಿನದ ಪಂಕ್ ಹಬ್ಬ ನಡೆಯಿತು. ಹಬ್ಬದ ಹೆಸರು 'ಜಗತ್ತಿನ ಅಂತ್ಯದ ಆರಂಭ'. ಕೊನೆಗೆ ಪೊಲೀಸರು ನುಗ್ಗಿದರು. ಆ ಕಾಲದ ಗಾಳಿ ಹೇಗಿತ್ತು ಅನ್ನುವುದಕ್ಕೆ ಇದೊಂದು ಸಾಕು.

1984ರಲ್ಲಿ ಅಧ್ಯಕ್ಷರನ್ನು ಜನರೇ ನೇರವಾಗಿ ಆರಿಸಬೇಕು ಅಂತ ಲಕ್ಷ ಲಕ್ಷ ಜನ ಬೀದಿಗೆ ಬಂದರು. ಆ ಏಪ್ರಿಲ್‌ನಲ್ಲಿ ಅದಕ್ಕಾಗಿ ತಂದ ಸಂವಿಧಾನ ತಿದ್ದುಪಡಿ ಸಂಸತ್ತಿನಲ್ಲಿ ಬಿದ್ದುಹೋಯಿತು. ಹಣದುಬ್ಬರ ವರ್ಷಕ್ಕೆ ಶೇಕಡ 200 ದಾಟಿತ್ತು. ಸಂಬಳದ ದಿನವೇ ಸಾಮಾನು ಕೊಂಡುಬಿಡಬೇಕು, ಮರುವಾರಕ್ಕೆ ಬೆಲೆ ಬೇರೆ. ಆಮದಿನ ಮೇಲೆ ಕಟ್ಟುಪಾಡು ಇದ್ದುದರಿಂದ ವಿದೇಶಿ ಗಿಟಾರ್, ಆಂಪ್‌ಗಳ ಬೆಲೆ ಕಾಲೇಜು ಹುಡುಗರ ಕೈಗೆ ಎಟುಕುತ್ತಿರಲಿಲ್ಲ. ಜಿಯಾನ್ನಿನಿಯಂಥ ಸ್ಥಳೀಯ ಕಂಪನಿಗಳ ವಾದ್ಯದಲ್ಲೇ ಬಹಳ ಮಂದಿ ಕಲಿತರು. ಸ್ಟುಡಿಯೋ ಗಂಟೆಯ ಬಾಡಿಗೆಯೂ ತುಟ್ಟಿ.

ಇಂಥ ಕಡೆ ಹಾಡು ಚಿಕ್ಕದಾಗುತ್ತದೆ. ಮಾತು ನೇರವಾಗುತ್ತದೆ. ಮೊದಲ ಟೇಕೇ (ಒಂದು ಸಲ ನುಡಿಸಿ ರೆಕಾರ್ಡ್ ಮಾಡಿದ್ದು) ಚೆನ್ನಾಗಿರಬೇಕು, ಹಾಗಾಗಿ ರಿಹರ್ಸಲ್ ಜಾಸ್ತಿಯಾಗುತ್ತದೆ. ಅವರ ಒಂದು ಹಾಡಿನ ಹೆಸರು 'ಪೊಲೀಸ್', ಇನ್ನೊಂದರದ್ದು 'ಪವಿತ್ರ ಚರ್ಚ್'. ಆಲ್ಬಂ ಹೆಸರೇ 'ಕಾದೇ ಆಸ್ ಆರ್ಮಾಸ್?', ಆಯುಧಗಳೆಲ್ಲಿ ಅಂತ. ಸುತ್ತಿ ಬಳಸಿ ಹೇಳುವ ಪೈಕಿ ಅಲ್ಲ. ಅದೇ 1986ರಲ್ಲಿ 'ಟಿಟಾಸ್' ಎಂಬ ದೊಡ್ಡ ಬ್ಯಾಂಡು ದೊಡ್ಡ ಕಂಪನಿಯಿಂದ ಹೊರತಂದ ಆಲ್ಬಂನಲ್ಲೂ ಪೊಲೀಸರ ಮೇಲೊಂದು, ಚರ್ಚಿನ ಮೇಲೊಂದು ಹಾಡಿತ್ತು. ಅಂದರೆ ಆ ಸಿಟ್ಟು ಈ ನಾಲ್ವರ ಸ್ವಂತ ಆಸ್ತಿಯೇನಲ್ಲ, ಇಡೀ ಪೀಳಿಗೆಯದ್ದು. ಟಿಟಾಸ್ ರಾಷ್ಟ್ರಮಟ್ಟದ ತಾರೆಯರಾದರು. ಮೆರ್ಸೆನಾರಿಯಾಸ್ ಆಲ್ಬಂ ತಂದದ್ದು ಒಂದು ರೆಕಾರ್ಡ್ ಅಂಗಡಿ.

ಆ ಅಂಗಡಿ ಬಗ್ಗೆ ಎರಡು ಮಾತು. ಹೆಸರು ಬರಾತೋಸ್ ಅಫಿನ್ಸ್. ಸಾವೊ ಪಾಲೊ ನಡುವೂರಿನಲ್ಲಿ 'ರಾಕ್ ಗ್ಯಾಲರಿ' ಅಂತ ಜನ ಕರೆಯುವ ಕಾಂಪ್ಲೆಕ್ಸ್ ಇದೆ. ಮಹಡಿ ಮಹಡಿಗೂ ರೆಕಾರ್ಡು, ಟೀ ಶರ್ಟು, ಹಚ್ಚೆ ಅಂಗಡಿಗಳು. ಅಲ್ಲಿ ಲೂಯಿಜ್ ಕಲಾಂಕಾ ಎಂಬವರು 1978ರಲ್ಲಿ ಅಂಗಡಿ ತೆರೆದು, ಕೆಲವು ವರ್ಷದ ನಂತರ ತಾವೇ ರೆಕಾರ್ಡ್ ಹೊರತರತೊಡಗಿದರು. ದೊಡ್ಡ ಕಂಪನಿಗಳು ಮುಟ್ಟದ ಬ್ಯಾಂಡುಗಳಿಗೆ ಅದೇ ಮನೆ. ಸ್ಮ್ಯಾಕ್ ಬ್ಯಾಂಡಿನ ಆಲ್ಬಂ ತಂದದ್ದೂ ಅವರೇ. ಅದರ ಹೆಸರು 'ಮಾಶ್‌ನಲ್ಲಿ ಲೈವ್'. ಮಾಶ್ ಅನ್ನುವುದು ಒಂದು ಸ್ಟುಡಿಯೋದ ಹೆಸರು. ಸ್ಟುಡಿಯೋದಲ್ಲಿ ಎಲ್ಲರೂ ಒಟ್ಟಿಗೆ ನಿಂತು ನುಡಿಸಿ ಅದನ್ನೇ ಅಚ್ಚುಹಾಕಿದ್ದು. ಈ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1988ರಲ್ಲಿ ಮೆರ್ಸೆನಾರಿಯಾಸ್‌ಗೆ ದೊಡ್ಡ ಕಂಪನಿಯ ಬಾಗಿಲು ತೆರೆಯಿತು. ಎರಡನೇ ಆಲ್ಬಂ 'ಟ್ರ್ಯಾಶ್‌ಲ್ಯಾಂಡ್' ಬಂದದ್ದು ಇಎಂಐನಿಂದ. ಎರಡನ್ನೂ ಒಂದರ ಹಿಂದೊಂದು ಕೇಳಿ. ಎರಡನೆಯದು ಕೆಟ್ಟದ್ದಲ್ಲ, ಸೊಗಸಾದ ಜಾಗಗಳಿವೆ. ಆದರೆ ನನಗೆ ಅಂಗಡಿಯ ಆಲ್ಬಮ್ಮೇ ಹೆಚ್ಚು ಮೈಮೇಲೆ ಬೀಳುತ್ತದೆ. ಅದಾದ ಮೇಲೆ ಬ್ಯಾಂಡು ಹೆಚ್ಚು ದಿನ ಉಳಿಯಲಿಲ್ಲ. 2005ರಲ್ಲಿ ಲಂಡನ್ನಿನ ಸೋಲ್ ಜ್ಯಾಝ್ ಎಂಬ ಲೇಬಲ್ ಸಾವೊ ಪಾಲೊದ ಆ ಕಾಲದ ಹಾಡುಗಳ ಸಂಕಲನ ತಂದಾಗ ಹೊರಜಗತ್ತಿಗೆ ಇವರ ಹೆಸರು ಗೊತ್ತಾಯಿತು. ಮುಂದೆ ಸಾಂಡ್ರಾ ಹೊಸ ಸದಸ್ಯರನ್ನು ಕಟ್ಟಿಕೊಂಡು ಮತ್ತೆ ವೇದಿಕೆ ಏರಿದರು. 'ದೊಡ್ಡ ಸ್ಟುಡಿಯೋಗೆ ದುಡ್ಡು ಹಾಕಬೇಕಾ' ಎಂಬ ನಿಮ್ಮ ಪ್ರಶ್ನೆಗೆ ಈ ಎರಡು ಆಲ್ಬಂಗಳಿಗಿಂತ ಒಳ್ಳೆ ಉತ್ತರ ನನ್ನ ಹತ್ತಿರ ಇಲ್ಲ.

ಸರಿ, ಈಗ ಸದ್ದಿನ ಒಳಗೆ ಹೋಗೋಣ. ಹೆಡ್‌ಫೋನ್ ಹಾಕಿಕೊಂಡು ಆ ಆಲ್ಬಂ ಕೇಳಿ, ಈ ಸಲ ದನಿ ಬಿಟ್ಟುಬಿಡಿ. ಬೇಸ್ ಹಿಂದೆ ಹೋಗಿ.

ಮಾಮೂಲಿ ರಾಕ್‌ನಲ್ಲಿ ಬೇಸ್ ಗಿಟಾರಿನ ನೆರಳು. ಇಲ್ಲಿ ಬೇಸೇ ಹಾಡನ್ನು ಎಳೆದುಕೊಂಡು ಹೋಗುತ್ತದೆ. ರಾಗ ಅನ್ನುವುದು ಎಲ್ಲಾದರೂ ಇದ್ದರೆ ಹೆಚ್ಚಾಗಿ ಅಲ್ಲೇ ಇದೆ. ಮಿಕ್ಸ್‌ನಲ್ಲೂ ಅದು ಮುಂದೆ, ಅಂಚು ಹರಿತವಾಗಿ ಕೇಳಿಸುತ್ತದೆ. ಗಿಟಾರ್ ಏನು ಮಾಡುತ್ತಿದೆ ಕೇಳಿ. ದಪ್ಪ ಗೋಡೆ ಕಟ್ಟುತ್ತಿಲ್ಲ. ತೆಳ್ಳಗೆ, ಚೂಪಾಗಿ, ಮೇಲಿನ ಸ್ಟ್ರಿಂಗ್‌ಗಳಲ್ಲಿ ಕೆರೆಯುತ್ತದೆ. ಬೇಸ್ ಓಡಾಡುವ ಜಾಗಕ್ಕೆ ಕಾಲಿಡುವುದೇ ಇಲ್ಲ. ಡ್ರಮ್ಸ್ ಒಣಕಲು. ಸ್ನೇರ್ (ಚಟ್ ಅನ್ನುವ ಡ್ರಮ್) ಏಟು ಬಿದ್ದ ಕೂಡಲೇ ಮುಗಿಯುತ್ತದೆ, ಹಿಂದೆ ದೊಡ್ಡ ಹಾಲಿನ ಮಾರ್ದನಿ ಇಲ್ಲ. ಇಷ್ಟೆಲ್ಲ ಜಾಗ ಖಾಲಿ ಬಿಟ್ಟಿರುವುದರಿಂದ ರೊಜಾಲಿಯಾ ಬಾಯಿ ತೆರೆದ ತಕ್ಷಣ ದನಿ ಎದುರಿಗೇ ಬಂದು ನಿಲ್ಲುತ್ತದೆ.

ನಿಮ್ಮ ರೆಕಾರ್ಡಿಂಗಿನಲ್ಲಿ ಆಗಿರುವುದು ಇದರ ಉಲ್ಟಾ. ಗಿಟಾರಿಗೊಂದು ಡಿಸ್ಟಾರ್ಷನ್, ಬೇಸಿಗೂ ಒಂದು. ಡಿಸ್ಟಾರ್ಷನ್ ಪೆಡಲ್ ಮಾಡುವ ಕೆಲಸ ಏನು ಗೊತ್ತಾ? ಸದ್ದಿನ ತಲೆಯನ್ನು ಚಪ್ಪಟೆ ಮಾಡುತ್ತದೆ. ಮೆತ್ತಗೆ ನುಡಿಸಿದ್ದೂ ಜೋರಾಗಿ ನುಡಿಸಿದ್ದೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬರುತ್ತವೆ. ಕೈಯ ಏಟು, ಪಿಕ್ ಸ್ಟ್ರಿಂಗಿಗೆ ತಾಗುವ ಆ 'ಟಕ್', ಇವೆಲ್ಲ ಅಲ್ಲೇ ಹೂತುಹೋಗುತ್ತವೆ. ಕಿವಿಗೆ ಜೋಶ್ ಅನ್ನಿಸುವುದೇ ಆ ಏಟು. ನೀವು ಅದನ್ನು ದುಡ್ಡು ಕೊಟ್ಟು ಅಳಿಸಿದ್ದೀರಿ. ಮೇಲಾಗಿ ಮೂರು ವಾದ್ಯಗಳೂ ದನಿ ಇರುವ ಮಟ್ಟಕ್ಕೇ ಬಂದು ತುಂಬಿಕೊಂಡಿವೆ. ಎಲ್ಲರೂ ಒಟ್ಟಿಗೆ ಕೂಗುವ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಯಾವ ಊರು ಕರೆಯುತ್ತಿದ್ದಾನೆ ಅಂತ ಕೇಳಿಸುವುದಿಲ್ಲ ನೋಡಿ, ಹಾಗೆ.

ಹಾಗಾಗಿ ಮುಂದಿನ ರಿಹರ್ಸಲ್‌ಗೆ ಪೆಡಲ್‌ಗಳನ್ನು ಮನೆಯಲ್ಲೇ ಬಿಟ್ಟು ಹೋಗಿ. ಆಂಪ್‌ನಲ್ಲಿ ಗೇನ್ ಅನ್ನುವ ತಿರುಪನ್ನು ಸದ್ದು ಒಡೆಯಲು ಶುರುವಾಗುವ ಅಂಚಿಗೆ ತಂದು ನಿಲ್ಲಿಸಿ. ಮೆತ್ತಗೆ ನುಡಿಸಿದರೆ ಸ್ವಚ್ಛ, ಜೋರಾಗಿ ಹೊಡೆದರೆ ಒರಟು, ಹಾಗಿರಬೇಕು. ಆಗ ಒರಟುತನ ಕೈಯಿಂದ ಬರುತ್ತದೆ. ಗಿಟಾರ್ ಆಂಪಿನಲ್ಲಿ ಬೇಸ್ ಅನ್ನುವ ತಿರುಪು (ಕೆಳದನಿಯದ್ದು) ಇಳಿಸಿ. ಒಬ್ಬಳೇ ನುಡಿಸಿದಾಗ ತೀರಾ ತೆಳು ಅನ್ನಿಸುತ್ತದೆ. ಅನ್ನಿಸಲಿ. ನಾಲ್ವರೂ ಸೇರಿದಾಗ ಸರಿಹೋಗುತ್ತದೆ. ಬೇಸ್ ಪಿಕ್‌ನಲ್ಲಿ ನುಡಿಸಿ ನೋಡಿ.

ಆಮೇಲೆ ನಿಲ್ಲುವುದನ್ನು ಅಭ್ಯಾಸ ಮಾಡಿ. ಇಡೀ ಹಾಡು ಬೇಡ. ಹಾಡು ನಿಂತು ಮತ್ತೆ ಹೊರಡುವ ಆ ನಾಲ್ಕು ಬಾರ್ (ತಾಳದ ಸುತ್ತು) ಮಾತ್ರ, ಬೇಜಾರು ಬರುವವರೆಗೆ. ನಿಂತಾಗ ಗಿಟಾರಿಸ್ಟ್ ಅಂಗೈಯಿಂದ ಸ್ಟ್ರಿಂಗ್ ಒತ್ತಿ ಹಿಡಿಯಬೇಕು, ಡ್ರಮ್ಮರ್ ಸಿಂಬಲನ್ನು ಕೈಯಲ್ಲಿ ಹಿಡಿದು ನಿಲ್ಲಿಸಬೇಕು. ಇದನ್ನು ಸರಿಮಾಡಿದ ಬ್ಯಾಂಡು ಮರುದಿನವೇ ಬೇರೆ ಬ್ಯಾಂಡಿನಂತೆ ಕೇಳಿಸುವುದನ್ನು ನನ್ನ ಸ್ಟುಡಿಯೋದಲ್ಲಿ ಎಷ್ಟೋ ಸಲ ನೋಡಿದ್ದೇನೆ. ಸ್ಕೇಲ್ ಕಲಿಯಿರಿ ಅಂತ ಮೇಷ್ಟ್ರು ಹೇಳಿದ್ದು ತಪ್ಪಲ್ಲ, ಕಲಿತರೆ ನಷ್ಟವಿಲ್ಲ. ಈ ಸಮಸ್ಯೆಗೆ ಅದು ಮದ್ದಲ್ಲ ಅಷ್ಟೇ.

ರೆಕಾರ್ಡಿಂಗ್‌ಗೆ ನಿಮ್ಮ ಮುಂದೆ ಮೂರು ದಾರಿಗಳಿವೆ.

ಮೊದಲನೆಯದು ಈಗ ನೀವು ಮಾಡಿದ್ದೇ. ಕಿವಿಯಲ್ಲಿ ಕ್ಲಿಕ್ (ತಾಳ ತೋರಿಸುವ ಟಕ್ ಟಕ್ ಸದ್ದು) ಹಾಕಿಕೊಂಡು ಒಬ್ಬೊಬ್ಬರೇ ಬೇರೆ ಬೇರೆ ದಿನ ನುಡಿಸಿ, ಆಮೇಲೆ ಕಂಪ್ಯೂಟರಿನಲ್ಲಿ ಜೋಡಿಸುವುದು. ತಪ್ಪು ತಿದ್ದಲು ಸುಲಭ, ಮನೆಯಲ್ಲೇ ಆಗುತ್ತದೆ. ಆದರೆ ನಿಮ್ಮ ಬಗೆಯ ಹಾಡಿಗೆ ಇದು ಒಗ್ಗುವುದಿಲ್ಲ. ಈ ಸಂಗೀತದಲ್ಲಿ ಡ್ರಮ್ಮರ್ ಒಂದು ಕೂದಲೆಳೆ ಮುಂದೆ ಓಡುತ್ತಾರೆ, ಬೇಸ್ ಹಿಂದೆಯೇ ಹಾರುತ್ತದೆ, ಹಾಡುವವರು ಅದಕ್ಕೆ ಮೇಲೆ ಬೀಳುತ್ತಾರೆ. ಒಬ್ಬರು ಇನ್ನೊಬ್ಬರ ಮುಖ ನೋಡದೆ ಅದು ಆಗುವುದಿಲ್ಲ. ಕ್ಲಿಕ್ ಯಾರ ಮುಖವನ್ನೂ ನೋಡುವುದಿಲ್ಲ.

ಎರಡನೆಯದು, ಸ್ಮ್ಯಾಕ್‌ನವರು ಮಾಡಿದಂತೆ ಎಲ್ಲರೂ ಒಂದೇ ರೂಮಿನಲ್ಲಿ ನಿಂತು ಒಟ್ಟಿಗೆ ನುಡಿಸುವುದು. ನಿಮಗೆ ನಾನು ಹೇಳುವುದು ಇದನ್ನೇ. ಅಪಾಯ ಏನು ಅಂದರೆ ಒಬ್ಬರ ಮೈಕಿಗೆ ಇನ್ನೊಬ್ಬರ ಸದ್ದು ನುಗ್ಗುತ್ತದೆ. ಗಿಟಾರಿಸ್ಟ್ ಒಂದು ಕಡೆ ಎಡವಿದರೆ ಅದೊಂದನ್ನೇ ಅಳಿಸಲಾಗದು, ಇಡೀ ಟೇಕ್ ಮತ್ತೆ. ದನಿಯ ಮೈಕಿಗೆ ಸಿಂಬಲ್ ತುಂಬಿಕೊಳ್ಳುವುದು ಎಲ್ಲಕ್ಕಿಂತ ದೊಡ್ಡ ತಲೆನೋವು. ಅದಕ್ಕೆ ನೀವು ಮೈಕನ್ನು ಡ್ರಮ್ಸ್ ಕಡೆಗೆ ಬೆನ್ನು ಮಾಡಿ ಇಡಿ, ಅಂದರೆ ನೀವು ಡ್ರಮ್ಮರ್ ಕಡೆ ಮುಖ ಮಾಡಿ ನಿಂತು ಹಾಡಿ. ಸ್ಟೇಜಿನಲ್ಲಿ ಬಳಸುವ ಮಾಮೂಲಿ ಡೈನಮಿಕ್ ಮೈಕ್ ಸಾಕು. ತುಟಿಗೆ ಅಂಟಿಸಿಕೊಂಡಷ್ಟು ಹತ್ತಿರ ಇರಲಿ. ಹತ್ತಿರದಿಂದ ಹಾಡಿದರೆ ಅರ್ಧ ದನಿಯೂ ದೊಡ್ಡದಾಗಿ ಕೇಳಿಸುತ್ತದೆ, ನಿಮ್ಮ ಗಂಟಲಿಗೂ ಲಾಭ. ಒಂದು ಹಾಡಿಗೆ ನಾಲ್ಕೈದು ಟೇಕ್ ಮೀರಬೇಡಿ. ಆಮೇಲೆ ತಪ್ಪು ಕಡಿಮೆಯಾಗುತ್ತದೆ, ಜೊತೆಗೆ ಜೀವವೂ.

ಮೂರನೆಯದು ನಡುವಿನ ದಾರಿ. ಮೂವರು ಒಟ್ಟಿಗೆ ನುಡಿಸಿ, ದನಿ ಆಮೇಲೆ ಸೇರಿಸುವುದು. ನಿಮ್ಮ ಗಂಟಲಿನ ಸ್ಥಿತಿ ನೋಡಿದರೆ ಸದ್ಯಕ್ಕೆ ಇದೇ ಆಗಬಹುದು. ವಾದ್ಯಗಳನ್ನು ಈಗ ಮುಗಿಸಿಟ್ಟು, ಡಾಕ್ಟರ್ ಹೂಂ ಅಂದ ಮೇಲೆ ದನಿ ಹಾಕಬಹುದು. ಇದರಲ್ಲೂ ಒಂದು ಎಡವಟ್ಟಿದೆ. ಹಾಡುವವರು ಎದುರಿಗಿಲ್ಲದೆ ನುಡಿಸಿದರೆ ವಾದ್ಯದವರು ಖಾಲಿ ಜಾಗವನ್ನೆಲ್ಲ ತುಂಬಿಬಿಡುತ್ತಾರೆ, ಸುಮ್ನೆ ಕೈ ಕಡಿತಕ್ಕೆ. ಅದಕ್ಕೆ ನೀವೂ ಅವರ ಜೊತೆ ಕೂತು ಮೆತ್ತಗೆ ಸಾಲುಗಳನ್ನು ಮಾತಾಡುವ ದನಿಯಲ್ಲಿ ಹೇಳುತ್ತಿರಿ. ಅದನ್ನು ಆಮೇಲೆ ತೆಗೆದುಹಾಕಿದರಾಯಿತು.

ದುಡ್ಡಿನ ವಿಷಯ. ದೊಡ್ಡ ಸ್ಟುಡಿಯೋಗೆ ವಾರಗಟ್ಟಲೆ ಹೋಗುವ ಬದಲು, ಒಂದು ಹದವಾದ ರೂಮು ಮತ್ತು ಡ್ರಮ್ಸ್‌ಗೆ ಮೈಕ್ ಇಡಲು ಬರುವ ಒಬ್ಬ ಎಂಜಿನಿಯರ್ ಸಿಕ್ಕರೆ ಒಂದೇ ದಿನಕ್ಕೆ ದುಡ್ಡು ಹಾಕಿ. ಹೋಗುವ ಮೊದಲು ಅವರಿಗೆ ಆ 1986ರ ಆಲ್ಬಂ ಕೇಳಿಸಿ, ನಮ್ಮದು ಹೀಗೆ ಒಣಗಿರಬೇಕು ಅಂತ ಹೇಳಿ. ಹೇಳದಿದ್ದರೆ ಅಭ್ಯಾಸಬಲದಿಂದ ರಿವರ್ಬ್ (ಮಾರ್ದನಿ) ಸುರಿಯುತ್ತಾರೆ, ದನಿಯ ಶ್ರುತಿ ತಿದ್ದುತ್ತಾರೆ, ಸ್ನೇರನ್ನು ಸ್ಟೇಡಿಯಂ ಮಾಡುತ್ತಾರೆ. ಅವರ ತಪ್ಪಲ್ಲ, ಹೆಚ್ಚಿನ ಗಿರಾಕಿಗಳು ಕೇಳುವುದೇ ಅದನ್ನು. ಇನ್ನೊಂದು ಅತಿಯೂ ಇದೆ. ಬೇಕಂತಲೇ ಕೆಟ್ಟದಾಗಿ ರೆಕಾರ್ಡ್ ಮಾಡುವುದು, ಫೋನಿನಲ್ಲಿ ಹಿಡಿದು ಅದಕ್ಕೆ ಕ್ಯಾಸೆಟ್ ಎಫೆಕ್ಟ್ ಹಾಕುವುದು. ಅದು ಬೇಡ. ಸಾವೊ ಪಾಲೊದವರು ತಮಗೆ ಸಿಕ್ಕಿದ್ದರಲ್ಲಿ ಆದಷ್ಟು ಸ್ಪಷ್ಟವಾಗಿ ಕೇಳಿಸಲು ನೋಡಿದರು. ಅವರ ಬಡತನವನ್ನು ನೀವು ನಟಿಸಬೇಕಿಲ್ಲ.

ಕೊನೆಗೆ ಭಾಷೆ. ಇಂಗ್ಲಿಷಿಗೆ ಹೋಗಬೇಡಿ ಅನ್ನುವುದು ನನ್ನ ಅಭಿಪ್ರಾಯ. ಭಾಷಾಭಿಮಾನದಿಂದ ಹೇಳುತ್ತಿಲ್ಲ, ಕೇಳಿದ್ದರ ಮೇಲೆ ಹೇಳುತ್ತಿದ್ದೇನೆ. ನೀವು ಕಳಿಸಿದ ಇಂಗ್ಲಿಷ್ ಹಾಡಿನಲ್ಲಿ ನೀವು ಯಾರದೋ ಉಚ್ಚಾರ ಹಾಕಿಕೊಂಡಿದ್ದೀರಿ, ಗಮನವೆಲ್ಲ ಅಲ್ಲೇ. ಕನ್ನಡದ ಹಾಡಿನಲ್ಲಿ ಮಾಲೀಕನ ಮೇಲೆ ಬೈಗುಳ ಬರುವ ಸಾಲಿದೆಯಲ್ಲ, ಅಲ್ಲಿ ನೀವು ಕೂಗಿಯೇ ಇಲ್ಲ, ಆದರೂ ಎರಡೂ ರೆಕಾರ್ಡಿಂಗಿನಲ್ಲಿ ನನಗೆ ನಾಟಿದ್ದು ಅದೊಂದೇ ಜಾಗ. ಮೆರ್ಸೆನಾರಿಯಾಸ್‌ನವರೂ ಪೋರ್ಚುಗೀಸಿನಲ್ಲೇ ಹಾಡಿದರು. ಪೊಲೀಸರಿಗೆ ಬೈದರೆ ಬೀದಿಯ ಪೊಲೀಸನಿಗೆ ಅರ್ಥವಾಗಬೇಕಲ್ವಾ?

ಕನ್ನಡದ ಪದಗಳು ಸ್ವರದಲ್ಲಿ ಮುಗಿಯುತ್ತವೆ, ಪಂಕ್‌ಗೆ ಬೇಕಾದ ಪೆಟ್ಟು ಬರುವುದಿಲ್ಲ ಅಂತ ಕೆಲವರು ನಿಮಗೆ ಹೇಳಬಹುದು. ಪೋರ್ಚುಗೀಸ್ ಪದಗಳೂ ಬಹಳಷ್ಟು ಸ್ವರದಲ್ಲೇ ಮುಗಿಯುತ್ತವೆ. ಅವರಿಗೇನೂ ತೊಂದರೆಯಾಗಲಿಲ್ಲ. ಪೆಟ್ಟನ್ನು ಪದದ ಕೊನೆಗೆ ಇಡಬೇಡಿ, ಮೊದಲಿಗೆ ಇಡಿ. ಕನ್ನಡದಲ್ಲಿ ಒತ್ತಕ್ಷರಗಳು ಇಷ್ಟೊಂದಿವೆ. 'ಕಟ್ಟು', 'ಸುಟ್ಟ', 'ಬಿಟ್ಟೆ', ಇವನ್ನು ಸ್ನೇರ್ ಏಟಿನ ಮೇಲೆ ಬರುವಂತೆ ಸಾಲು ಬರೆಯಿರಿ. ಒತ್ತಿನ ಜಾಗದಲ್ಲಿ ಬಾಯಿ ಒಂದು ಕ್ಷಣ ಮುಚ್ಚುತ್ತದೆ, ದನಿಯ ಪಟ್ಟಿಗಳಿಗೂ ಬಿಡುವು ಸಿಗುತ್ತದೆ. ಸ್ವರ ಎಳೆಯುವ ಸಾಲುಗಳನ್ನು ಉಳಿದ ಮೂವರಿಗೆ ಹಂಚಿ, ಗುಂಪಾಗಿ ಕೂಗಲಿ. ಎಲ್ಲ ಕೂಗೂ ಒಬ್ಬಳ ಗಂಟಲಿನಿಂದಲೇ ಬರಬೇಕು ಅಂತ ಎಲ್ಲೂ ಬರೆದಿಲ್ಲ.

ಇಎನ್‌ಟಿ ಡಾಕ್ಟರ್ ಏನಂದರು ಅಂತ ತಿಳಿಸಿ. ಮುಂದಿನ ಸಲ ಕಳಿಸುವಾಗ ನಾಲ್ವರೂ ಒಟ್ಟಿಗೆ ನುಡಿಸಿದ್ದನ್ನೇ ಕಳಿಸಿ, ಫೋನಿನಲ್ಲಿ ಹಿಡಿದಿದ್ದರೂ ಪರವಾಗಿಲ್ಲ, ಎಫೆಕ್ಟ್ ಮಾತ್ರ ಹಾಕಬೇಡಿ.